ಹೊಗೆಯ ಖಾತೆ

ಜಿಂಬಾಬ್ವೆಯ ಮಳೆಯ ಬಗ್ಗೆ ಕಳಕಳಿ ಇರುವವರನ್ನು ನೋಡಬೇಕೆಂದರೆ ದೂರ ಹೋಗಬೇಕಾಗಿಲ್ಲ. ಕಟ್ಟಾಯದಿಂದ ಗೊರೂರು ದಾಟಿ, ಅರಕಲಗೂಡಿನ ದಾರಿ ಹಿಡಿದು ರಾಮನಾಥಪುರದ ತಂಬಾಕು ಹರಾಜು ಮಾರುಕಟ್ಟೆಗೆ ಹೋದರೆ ಸಾಕು. ಟೀ ಅಂಗಡಿಯಲ್ಲಿ ಒಬ್ಬರು, "ಈ ಸಲ ಬ್ರೆಜಿಲ್‌ನಾಗೆ ಬೆಳೆ ಹೆಂಗೈತಂತಣ್ಣ?" ಎಂದು ಕೇಳುತ್ತಾರೆ. ಅಲ್ಲಿ ಚೆನ್ನಾಗಿ ಬೆಳೆದರೆ ಇಲ್ಲಿಯ ಬೇಲ್‌ಗಳಿಗೆ ಬೆಲೆ ಇಳಿಯುತ್ತದೆ.

ಇಲ್ಲಿ ಬೆಳೆಯುವ ವರ್ಜೀನಿಯಾ ತಂಬಾಕಿನ ಸೊಪ್ಪು ಕೂಡ ಹೊರಗಿನಿಂದಲೇ ಬಂದದ್ದು. 1910ರಲ್ಲಿ ಇಂಗ್ಲಿಷರ ದುಡ್ಡಿನ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಕೋಲ್ಕತ್ತದಲ್ಲಿ ಹುಟ್ಟಿತು. ಇಂದಿನ ಐಟಿಸಿ ಅದೇ. ಸಿಗರೇಟು ತಯಾರಿಕೆಗೆ ವಿದೇಶಿ ನೇರ ಬಂಡವಾಳ ಬೇಡವೆಂದು ಸರ್ಕಾರ 2010ರಲ್ಲಿ ಬಾಗಿಲು ಹಾಕಿತು, ಸರಿಯಾಗಿ ನೂರು ವರ್ಷ ತಡವಾಗಿ. ಸೊಪ್ಪು ಹೊರಗೆ ಹೋಗುವ ಬಾಗಿಲು ಮಾತ್ರ ತೆರೆದೇ ಇದೆ. ನಮ್ಮ ಹೋಬಳಿಯ ಸಾಹಿತಿ ಗೊರೂರರು ಅಮೆರಿಕಕ್ಕೆ ಹೋಗಿ ಬಂದು ಪುಸ್ತಕ ಬರೆದರು. ಸೊಪ್ಪು ಎಲ್ಲಿಗೆ ಹೋಯಿತೋ, ಸುದ್ದಿಯಿಲ್ಲ.

ಹೋಗುವ ಮೊದಲು ಅದು ಸೊಪ್ಪು ಒಣಗಿಸುವ ಬ್ಯಾರನ್‌ನಲ್ಲಿ ಬೇಯಬೇಕು. ಹಸಿ ಎಲೆಯ ಬಹುಪಾಲು ನೀರೇ. ಕಡ್ಡಿಗೆ ಕಟ್ಟಿದ ಸೊಪ್ಪನ್ನು ಸಾಲಾಗಿ ಏರಿಸಿ, ಐದಾರು ದಿನ ಹಗಲೂ ರಾತ್ರಿ ಒಲೆ ಉರಿಸಬೇಕು. ಮೊದಲು ಎಲೆ ಹಳದಿಯಾಗುವಷ್ಟು ಹದವಾದ ಶಾಖ. ಆಮೇಲೆ ನರ ಒಣಗುವವರೆಗೆ ಏರುಶಾಖ. ನಿದ್ದೆಗೆ ಜಾರಿದರೆ ಬಣ್ಣ ಕೆಟ್ಟಿತು, ಬಣ್ಣ ಕೆಟ್ಟರೆ ಗ್ರೇಡು ಹೋಯಿತು. ಒಂದು ಕಿಲೋ ಸೊಪ್ಪಿಗೆ ನಾಲ್ಕೈದು ಕಿಲೋ ಸೌದೆಯೆಂಬುದು ರೂಢಿಯ ಅಂದಾಜು. ಹಡಗು ಹತ್ತುವುದು ಆ ಒಂದು ಕಿಲೋ. ಮಿಕ್ಕದ್ದು ಅರಕಲಗೂಡಿನ ಆಕಾಶಕ್ಕೆ.

ದೇಶಗಳು ಇಂಗಾಲದ ಲೆಕ್ಕ ಒಪ್ಪಿಸುವಾಗ ಹೊಗೆ ಎದ್ದ ನೆಲದವರೇ ಹೊಣೆ, ಸೇದಿದವರಲ್ಲ. ಸೌದೆಯ ಇಂಗಾಲವನ್ನು ಇಂಧನದ ಪುಟದಲ್ಲಿ ಕೂಡಿಸುವುದೂ ಇಲ್ಲ. ಕಾಡು-ಜಮೀನಿನ ಪುಟದಲ್ಲಿ ಮರ ಕಡಿಮೆಯಾದ ಬಾಬ್ತಿಗೆ ಹಿಡಿಯುತ್ತಾರೆ. ಹೊಲದ ಬದುವಿನ ಒಂಟಿ ಜಾಲಿಯನ್ನು ಎಣಿಸಲು ಯಾವ ಅಧಿಕಾರಿ ಬಂದಾನು? ಯುರೋಪಿನವರು 2026ರಿಂದ ಉಕ್ಕು, ಸಿಮೆಂಟು, ಅಲ್ಯೂಮಿನಿಯಂ ಮೊದಲಾದವುಗಳಿಗೆ ಗಡಿಯಲ್ಲೇ ಇಂಗಾಲದ ಸುಂಕ ಹಾಕುತ್ತಿದ್ದಾರೆ. ಆ ಪಟ್ಟಿಯಲ್ಲಿ ತಂಬಾಕಿಲ್ಲ. ಇದ್ದಿದ್ದರೂ ಅದರ ಭಾರ ಬಂದು ಬೀಳುತ್ತಿದ್ದುದು ಬೆಳೆಗಾರನ ಬೆನ್ನಿಗೇ ಎಂಬುದು ನನ್ನ ಗುಮಾನಿ.

ಬೇಲ್‌ನ ಚೀಟಿಯಲ್ಲಿ ಗ್ರೇಡಿನ ಪಕ್ಕ ಸೌದೆಗೂ ಒಂದು ಸಾಲಿರಲಿ, ಅದರ ದುಡ್ಡು ಕೊಳ್ಳುವವರೇ ಕಟ್ಟಲಿ ಎಂದೆ. ಟೀ ಅಂಗಡಿಯವರೆಲ್ಲ ನಕ್ಕರು.

"ಮೊದ್ಲು ಲೋ ಗ್ರೇಡ್ ಸೊಪ್ಪು ಎತ್ಕೊಳ್ಳಿ ಅನ್ನಿ ಸ್ವಾಮಿ. ಸೌದೆ ಮಾತು ಆಮ್ಯಾಕೆ."