ಹಿನ್ನೀರಿನ ದಡದಲ್ಲೊಂದು ಬಿಡಾರ

ಜಲಾಶಯವನ್ನು ನೋಡಹೋಗುವವರಲ್ಲಿ ಬಹುಮಂದಿ ಕಟ್ಟೆಯ ಮೇಲೆ ಕೆಲಹೊತ್ತು ನಿಂತು, ಬುತ್ತಿ ಬಿಚ್ಚಿ ಉಂಡು, ಸಂಜೆಯೊಳಗೆ ಮನೆಗೆ ಮರಳುವರು. ಹಿರಿಯೂರು ತಾಲ್ಲೂಕಿನ ಆದಿವಾಲದವರಾದ ನಾವೂ ವಾಣೀವಿಲಾಸಸಾಗರವನ್ನು ಬಾಲ್ಯದಿಂದ ಹೀಗೆಯೇ ಕಂಡವರು. ಕಣಿವೆ ಮಾರಮ್ಮನಿಗೆ ಕೈಮುಗಿದು, "ಈಗ ಎಷ್ಟು ಅಡಿ ಇದೆ?" ಎಂದು ಯಾರನ್ನಾದರೂ ಕೇಳಿ ಹಿಂದಿರುಗುವುದು ನಮ್ಮ ಕಡೆಯ ವಾಡಿಕೆ. ಆ ಅಡಿಗಳ ಲೆಕ್ಕವೇ ನಮಗೆ ತೋಟದ ಆಯುಸ್ಸಿನ ಲೆಕ್ಕ. 2017ರಲ್ಲಿ ಸಾಗರವು ತಳ ಕಂಡಾಗ ಅಚ್ಚುಕಟ್ಟಿನ ತೆಂಗುಗಳು ಸುಳಿಯೊಣಗಿ ನಿಂತುವು. ನಮ್ಮ ಕಿರುದೋಟದಲ್ಲಿಯೇ ನಲವತ್ತು ಮರಗಳು ಹೋದುವು.

ಆದರೆ ಈ ಸಾಗರಕ್ಕೆ ಇನ್ನೊಂದು ದಡವುಂಟು. ಅಲ್ಲಿ ಒಂದು ರಾತ್ರಿ ತಂಗುವ ಯೋಗ ನಮಗೆ 2025ರ ಮಾಘಮಾಸದಲ್ಲಿ ಒದಗಿತು. ನಮ್ಮ ಗೃಹಿಣಿಯ ತವರು ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಪಕ್ಕದ ಹಳ್ಳಿ. ಬೆಂಗಳೂರಿನಿಂದ ಬಂದ ಮೊಮ್ಮಗನು ಬಟ್ಟೆಯ ಗುಡಾರವೊಂದನ್ನು ಜೊತೆಗೆ ತಂದು, ನೀರಿನ ಬದಿಯಲ್ಲಿಯೇ ಮಲಗಬೇಕೆಂದು ಹಟ ಹಿಡಿದನು. ಇಂತಹುದಕ್ಕೆ ಈಗ ಶಿಬಿರವೆನ್ನುವರು. ಸಂಸ್ಕೃತದಲ್ಲಿ ಶಿಬಿರವೆಂದರೆ ಅರಸರ ಸೇನೆ ಇಳಿಯುವ ತಾಣ. ಪಾಳೆಯವೆಂಬುದೂ ಹಾಗೆಯೇ, ನಮ್ಮ ದುರ್ಗದ ಪಾಳೆಯಗಾರರ ಹೆಸರಿನಲ್ಲಿ ಅದು ಉಳಿದಿದೆ. ಮಂಡಿನೋವಿನ ನಿವೃತ್ತ ಉಪಾಧ್ಯಾಯರೊಬ್ಬರು ಮಡದಿ ಮೊಮ್ಮಗನೊಡನೆ ಇಳಿದುಕೊಳ್ಳುವುದಕ್ಕೆ ಬಿಡಾರವೆಂಬ ಮಾತೇ ಸಾಕು. ಬಯಲಿನಲ್ಲಿ ಮಲಗುವ ವಿದ್ಯೆಯನ್ನು ಬಲ್ಲವರು ನಮ್ಮ ಸೀಮೆಯ ಕುರಿಗಾಹಿಗಳು. ಅವರಿಗೆ ಒಂದು ಕಂಬಳಿಯೇ ಹಾಸಿಗೆ, ಹೊದಿಕೆ, ಮಳೆಗೆ ಮಾಡು.

ಭಾವಮೈದುನನು ತನ್ನ ಹೊಲದ ಮೇಲ್ಬದುವಿನಲ್ಲಿ ಜಾಗ ತೋರಿಸಿದನು. ಗುಡಾರ ಎದ್ದಿತು, ಮೂರು ಕಲ್ಲಿನ ಒಲೆಯ ಮೇಲೆ ಮುದ್ದೆಯೂ ಅವರೆಕಾಳಿನ ಸಾರೂ ಬೆಂದುವು. ಎದುರಿಗೆ ಕಣ್ಣು ಹಾಯುವವರೆಗೂ ನೀರು, ಅದರ ಮೇಲೆ ಬೆಳ್ದಿಂಗಳು. ಮಗುವು ಹಿಗ್ಗಿ, "ತಾತ, ಹೊಲ ಎಲ್ಲಿ?" ಎಂದಿತು. ಭಾವಮೈದುನನು ನೀರಿನ ಕಡೆಗೆ ಕೈ ತೋರಿಸಿ, "ಅದೇ ಕಣಪ್ಪ, ಅಲ್ಲಿದೆ" ಎಂದನು.

ವಿಷಯವನ್ನು ವಾಚಕರಿಗೆ ಬಿಡಿಸಿ ಹೇಳಬೇಕು. ಶೇಷಾದ್ರಿ ಅಯ್ಯರವರು ದಿವಾನರಾಗಿದ್ದಾಗ, 1898ರಲ್ಲಿ, ವೇದಾವತಿಗೆ ಅಡ್ಡಲಾಗಿ ಈ ಕಟ್ಟೆಯ ಕೆಲಸ ಮೊದಲಾಯಿತು. ರೀಜೆಂಟರಾಗಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ಹೆಸರು ಅದಕ್ಕೆ ಬಂದಿತು. ಪೂರ್ಣ ಮಟ್ಟ 130 ಅಡಿ. ಹಿಡಿಯುವ ನೀರು ಸುಮಾರು 30 ಟಿ.ಎಂ.ಸಿ. ಆದರೆ 1933ರಲ್ಲಿ ಕೋಡಿ ಬಿದ್ದ ಸಾಗರವು ಮರಳಿ ಕೋಡಿ ಬಿದ್ದುದು 89 ವರ್ಷಗಳ ಮೇಲೆ, 2022ರ ಸೆಪ್ಟೆಂಬರಿನಲ್ಲಿ. ನಡುವಣ ಕಾಲದಲ್ಲಿ ನೀರು ಏರದ ಅಂಚಿನ ನೆಲವನ್ನು ಜನರು ಉತ್ತರು, ಬಿತ್ತಿದರು, ಮಕ್ಕಳಿಗೆ ಹಂಚಿಕೊಟ್ಟರು. ಕಟ್ಟೆಯ ಲೆಕ್ಕದಲ್ಲಿ ಅದು ನೀರಿನ ಪಾಲು. ಮನೆಯ ಲೆಕ್ಕದಲ್ಲಿ ಮೂರು ತಲೆಮಾರಿನ ಹೊಲ. ಈಚೆಗೆ ಭದ್ರೆಯ ನೀರನ್ನೂ ಯಂತ್ರಗಳಿಂದೆತ್ತಿ ಇತ್ತ ಹರಿಸುತ್ತಿರುವುದರಿಂದ ಸಾಗರವು ಮೊದಲಿನಂತೆ ಬರಿದಾಗಿ ಕೂಡುವುದಿಲ್ಲ. 2025ರ ಜನವರಿಯಲ್ಲಿ ಪುನಃ ಕೋಡಿ ಬಿದ್ದಾಗ ಹಿರಿಯೂರಿನವರು ಜಾತ್ರೆಗೆಂಬಂತೆ ನೋಡಹೋದರು, ನಾವೂ ಹೋಗಿದ್ದೆವು. ಅದೇ ವಾರ ಇಲ್ಲಿ ಭಾವಮೈದುನನ ಮೂರು ಎಕರೆ ಮುಳುಗಿತು.

ಊಟವಾದ ಮೇಲೆ ಆತನು ಅದನ್ನು ಕುರಿತು ಹೆಚ್ಚು ಮಾತನಾಡಲಿಲ್ಲ. ಬೆಂಕಿಗೆ ಸೌದೆ ನೂಕುತ್ತ, "ಭಾವ, ನಿಮ್ಮ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ?" ಎಂದಷ್ಟೇ ಕೇಳಿದನು. ನಮ್ಮ ತೋಟದ ಯೋಗಕ್ಷೇಮವೆಂದು ಬಗೆದು ನಾವು ತೆಂಗಿನ ಸಮಾಚಾರಕ್ಕೆ ತೊಡಗಲು, ಗೃಹಿಣಿಯು ನಡುವೆಯೇ, "ನೀವು ನೀರು ಕುಡಿದರಲ್ಲವೇ ಇವನ ನೆಲ ಮೇಲೇಳುವುದು?" ಎಂದಳು. ಮಾತು ನಿಜ. ಅತ್ತ ತೂಬು ತೆಗೆದು ಅಚ್ಚುಕಟ್ಟಿಗೆ ನೀರು ಹರಿದಂತೆ ಇತ್ತ ದಡ ಕೆಳಗಿಳಿಯುವುದು. ಇಳಿದ ಹಾಗೆಲ್ಲ ತೇವದ ಮಣ್ಣಿನಲ್ಲಿ ಒಂದಿಷ್ಟು ಕಾಳು ಚೆಲ್ಲಬಹುದು. ನಲವತ್ತು ವರ್ಷದ ನಂಟಿನಲ್ಲಿ ಎರಡು ಮನೆಗಳೂ ಒಂದೇ ತೂಬನ್ನು ನಂಬಿರುವುವೆಂಬುದು ನಮ್ಮ ಮನಸ್ಸಿಗೆ ಬಂದಿರಲಿಲ್ಲ.

ಇರುಳಲ್ಲಿ ಚಳಿ ಹೆಚ್ಚಿತು. ದಡದಲ್ಲಿ ಟಿಟ್ಟಿಭವೊಂದು ಬಿಡದೆ ಕೂಗುತ್ತಿದ್ದಿತು. ಮಗುವಿಗೆ ಪಂಚತಂತ್ರದ ಟಿಟ್ಟಿಭದ ಕಥೆಯನ್ನು ಹೇಳಿದೆವು: ಸಮುದ್ರವು ಅದರ ಮೊಟ್ಟೆಗಳನ್ನು ನುಂಗಿತು, ಗರುಡನ ಮೂಲಕ ದೂರು ವಿಷ್ಣುವನ್ನು ಮುಟ್ಟಿತು, ಸಮುದ್ರವು ಹೆದರಿ ಮೊಟ್ಟೆಗಳನ್ನು ಒಪ್ಪಿಸಿತು. ಪಾಠಶಾಲೆಯಲ್ಲಿ ಮೂವತ್ತು ವರ್ಷ ಈ ಕಥೆಯನ್ನು ನಗುನಗುತ್ತ ಹೇಳಿದ್ದೆವು. ಆ ರಾತ್ರಿ ಗುಡಾರದ ಹೊರಗೆ ಭಾವಮೈದುನನೂ ಕೇಳುತ್ತ ಕುಳಿತಿದ್ದನು, ನಗು ಬರಲಿಲ್ಲ.

ಬೆಳಗ್ಗೆ ಗುಡಾರವೆಲ್ಲ ಇಬ್ಬನಿಯಿಂದ ತೊಯ್ದಿತ್ತು. ಭಾವಮೈದುನನು ಎಂಟು ದಿನದ ಹಿಂದೆ ನೀರಂಚಿಗೆ ನೆಟ್ಟಿದ್ದ ಕೋಲನ್ನು ಮಗುವಿಗೆ ತೋರಿಸಿದನು. ನೀರು ಅದರಿಂದ ಒಂದು ಗೇಣು ಹಿಂದಕ್ಕೆ ಸರಿದಿದ್ದಿತು. ಆತನು ಕೋಲನ್ನು ಕಿತ್ತು ಹೊಸ ಅಂಚಿಗೆ ನೆಟ್ಟನು.

ಆ ಬೇಸಗೆಯಲ್ಲಿ ಕಾಲುವೆಗೆ ನೀರು ಬಂದ ದಿನ ನಾವು ತೋಟದಿಂದಲೇ ಅವನಿಗೆ ಟೆಲಿಫೋನು ಮಾಡಿದೆವು. "ಎಷ್ಟು ದಿನ ಬಿಡುತ್ತಾರಂತೆ, ಭಾವ?" ಎಂದನು.