ಹೆಬ್ಬೆರಳು ಮತ್ತು ಕತ್ತರಿ

ಮಗಳಿಗೆ ಮೂರು ತುಂಬಿದರೂ ಹೆಬ್ಬೆರಳು ಚೀಪೋದು ಬಿಟ್ಟಿರಲಿಲ್ಲ. ಬೇವಿನೆಣ್ಣೆ ಹಚ್ಚಿದ್ದಾಯ್ತು, ಅದನ್ನೂ ಚೀಪಿದಳು :-) ಕೊನೆಗೊಂದು ರಾತ್ರಿ, ಹಿಂದೆಂದೋ ಓದಿದ್ದ ಜರ್ಮನ್ ಕತೆ ಹೇಳಿಬಿಟ್ಟೆ. ಅಮ್ಮ ಹೊರಗೆ ಹೋದ ಕೂಡಲೇ ಕೊನ್ರಾಡ್ ಬೆರಳು ಬಾಯಿಗಿಡ್ತಾನೆ. ದರ್ಜಿಯೊಬ್ಬ ದೊಡ್ಡ ಕತ್ತರಿ ಹಿಡಿದು ನುಗ್ಗಿ ಎರಡೂ ಹೆಬ್ಬೆರಳು ಕಚಕ್ ಅಂತ ಕತ್ತರಿಸಿ ಹೋಗ್ತಾನೆ. ಅಷ್ಟೇ ಕತೆ.

ಅವಳು ಅಳಲಿಲ್ಲ. ಎರಡೂ ಕೈ ಮುಷ್ಟಿ ಕಟ್ಟಿ, ಹೊದಿಕೆಯೊಳಗೆ ಬಚ್ಚಿಟ್ಟುಕೊಂಡು, ಬಾಗಿಲನ್ನೇ ನೋಡ್ತಾ ಮಲಗಿದಳು. ನನಗೆ ನಿದ್ದೆ ಬರಲಿಲ್ಲ.

ಇಂಥಾ ಕತೆ ಬರೆದವನು ಎಂಥಾ ಕಟುಕನಿರಬೇಕು ಅಂತ (ಹೇಳಿದವಳು ನಾನು, ಅದು ಬೇರೆ ಮಾತು!) ಅವನ ಬಗ್ಗೆ ಹುಡುಕಿ ಓದಿದೆ. ಹೈನ್‌ರಿಶ್ ಹಾಫ್‌ಮನ್. ಹುಟ್ಟಿದ್ದು 1809ರಲ್ಲಿ, ಫ್ರಾಂಕ್‌ಫರ್ಟ್‌ನಲ್ಲಿ. ಡಾಕ್ಟರು. 1844ರ ಕ್ರಿಸ್‌ಮಸ್‌ಗೆ ಮೂರು ವರ್ಷದ ಮಗ ಕಾರ್ಲ್‌ಗೆ ಚಿತ್ರದ ಪುಸ್ತಕ ತರಲು ಹೋದರೆ ಅಂಗಡಿಯಲ್ಲಿ ಬರೀ ಉದ್ದುದ್ದ ಕತೆ, ನೀತಿಪಾಠ. ಬೇಸತ್ತು ಖಾಲಿ ನೋಟ್‌ಬುಕ್ ತಂದು ತಾನೇ ಚಿತ್ರ ಬರೆದ, ಪದ್ಯ ಕಟ್ಟಿದ. ಮಗನಿಗೂ ಮೂರು, ನನ್ನ ಮಗಳಿಗೂ ಮೂರು ನೋಡಿ!

ಆ ಅಭ್ಯಾಸ ಅವನಿಗೆ ಮೊದಲೇ ಇತ್ತು. ಕಾಯಿಲೆ ಬಿದ್ದ ಮಕ್ಕಳು ಡಾಕ್ಟರನ್ನು ಕಂಡು ಕಿರುಚಿಕೊಂಡರೆ, ಚೀಟಿಯೊಂದರ ಮೇಲೆ ಕೂದಲು, ಉಗುರು ಬೆಳೀತಾ ಹೋಗೋ ಹುಡುಗನ ಚಿತ್ರ ಗೀಚ್ತಿದ್ದ. ಅಳು ನಿಂತ ಮೇಲೆ ಪರೀಕ್ಷೆ ಮಾಡ್ತಿದ್ದ. ಇದನ್ನು ಓದಿ ನಾನು ಸುಮ್ಮನೆ ಕೂತುಬಿಟ್ಟೆ. ಹೆದರಿದ ಮಗುವಿನ ಭಯ ಹೋಗಲಿ ಅಂತ ಆತ ಪೆನ್ಸಿಲ್ ಹಿಡಿದಿದ್ದ. ನಾನು ಮಾಡಿದ್ದು?

ಗೆಳೆಯರ ಒತ್ತಾಯಕ್ಕೆ 1845ರಲ್ಲಿ ಪುಸ್ತಕ ಅಚ್ಚಾಯ್ತು, ಮೊದಲು 1500 ಪ್ರತಿ. ಅದೂ ಸುಳ್ಳು ಹೆಸರಿನಲ್ಲಿ. ಆಮೇಲೆ ‘ಸ್ಟ್ರೂವೆಲ್‌ಪೀಟರ್’, ಅಂದರೆ ಕೆದರಿದ ತಲೆಯ ಪೀಟರ್, ಅಂತಲೇ ಹೆಸರಾಯ್ತು. 1891ರಲ್ಲಿ ಬರ್ಲಿನ್‌ನಲ್ಲಿದ್ದ ಮಾರ್ಕ್ ಟ್ವೈನ್ ತನ್ನ ಹೆಣ್ಣುಮಕ್ಕಳಿಗೋಸ್ಕರ ಇದನ್ನು ಇಂಗ್ಲಿಷಿಗೆ ತಂದ.

ಹಾಫ್‌ಮನ್ ಮಾತ್ರ 1851ರಿಂದ 1888ರವರೆಗೆ ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆ ನೋಡಿಕೊಂಡ. ಊರೊಳಗಿನ ಇಕ್ಕಟ್ಟಿನ ಕಟ್ಟಡ ಬಿಡಿಸಿ, 1864ರಲ್ಲಿ ಊರಾಚೆ ತೋಟವಿರೋ ಹೊಸ ಆಸ್ಪತ್ರೆ ಕಟ್ಟಿಸಿದ. ಊಟದ ಮೇಜಿನಲ್ಲಿ ಕೂತಲ್ಲಿ ಕೂರದ ಅವನ ಫಿಲಿಪ್‌ನನ್ನು ಎಡಿಎಚ್‌ಡಿ ಬಗ್ಗೆ ಮಾತಾಡುವಾಗ ಡಾಕ್ಟರುಗಳು ಈಗಲೂ ನೆನೀತಾರೆ. ಆತ ತೀರಿಕೊಂಡಿದ್ದು 1894ರಲ್ಲಿ.

ಮಾರನೇ ರಾತ್ರಿ ನಾನೂ ಪೆನ್ಸಿಲ್ ಹಿಡಿದು ಮಗಳ ಪಕ್ಕ ಕೂತೆ. ನನಗೆ ಚಿತ್ರ ಬರಲ್ಲ. ದರ್ಜಿಯ ಕತ್ತರಿ ಬರೆಯಲು ಹೋದರೆ ಕೊಕ್ಕರೆ ಥರ ಆಯ್ತು. “ಅಮ್ಮಾ, ಇದು ಹಕ್ಕಿ!” ಅಂತ ಕಿಲಕಿಲ ನಕ್ಕಳು. ಆಮೇಲೆ ಹೆಬ್ಬೆರಳು ಬಾಯಿಗಿಟ್ಟು ಮಲಗಿದಳು.