ರಂಗನತಿಟ್ಟಿನ ದೋಣಿಯಲ್ಲಿ ಕನ್ನಡಿಯಿಲ್ಲದ ಕ್ಯಾಮರಾ

ಶ್ರೀರಂಗಪಟ್ಟಣದಿಂದ ಮೂರು ನಾಲ್ಕು ಕಿಲೋಮೀಟರ್ ಸಾಗಿದರೆ ಕಾವೇರಿಯು ಹಲವು ಕವಲುಗಳಾಗಿ ಒಡೆದು, ಬಂಡೆಗಳ ಸಂದಿಯಲ್ಲಿ, ಬಿದಿರುಮೆಳೆಗಳ ನೆರಳಿನಲ್ಲಿ ಮೆಲ್ಲನೆ ಹರಿಯುವುದು ಕಾಣುತ್ತದೆ. ಕವಲುಗಳ ನಡುವೆ ತಲೆಯೆತ್ತಿರುವ ಪುಟ್ಟ ನಡುಗಡ್ಡೆಗಳೇ ರಂಗನತಿಟ್ಟು. ಇವು ಸೃಷ್ಟಿಯ ಮೊದಲಿಂದಲೂ ಹೀಗೆಯೇ ಇದ್ದುವೆಂದು ನೋಡುವವರು ಭಾವಿಸುವುದು ಸಹಜ. ವಾಸ್ತವವಾಗಿ ಇವು ಒಂದು ಕಟ್ಟೆಯ ಕೊಡುಗೆ. 17ನೆಯ ಶತಮಾನದ ನಡುಭಾಗದಲ್ಲಿ ಕಂಠೀರವ ನರಸರಾಜ ಒಡೆಯರು ನದಿಗೆ ಅಡ್ಡಲಾಗಿ ಕಟ್ಟೆಯನ್ನು ಕಟ್ಟಿಸಿದಾಗ ಅದರ ಹಿಂದೆ ನೀರು ನಿಂತು, ಎತ್ತರದ ನೆಲ ಮಾತ್ರ ದ್ವೀಪಗಳಾಗಿ ಉಳಿಯಿತು. ಸುತ್ತಲೂ ನೀರಿನ ಕಾವಲಿರುವ ಈ ಮರಗಳನ್ನು ಹಕ್ಕಿಗಳು ಕಂಡುಕೊಂಡುವು; ಹಕ್ಕಿಗಳನ್ನು ಸಲೀಂ ಅಲಿಯವರು ಕಂಡರು. ಅವರ ಸಲಹೆಯಂತೆ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದಾಗ, ಆ ಗೌರವ ಪಡೆದ ಕರ್ನಾಟಕದ ಮೊದಲ ತಾಣವೆಂಬ ಹೆಗ್ಗಳಿಕೆಯೂ ಇದರದಾಯಿತು.

ಇಲ್ಲಿ ದೋಣಿ ಹತ್ತುವವರ ಕೈಯಲ್ಲಿ ಈಚೆಗೆ ಬುತ್ತಿಯ ಚೀಲಕ್ಕಿಂತ ಕ್ಯಾಮರಾದ ಚೀಲವೇ ದೊಡ್ಡದು. ಅದರಲ್ಲಿಯೂ ಕನ್ನಡಿಯಿಲ್ಲದ 'ಮಿರರ್‌ಲೆಸ್' ಕ್ಯಾಮರಾಗಳೇ ಹೆಚ್ಚು. ಹಿಂದಿನ ಎಸ್‌ಎಲ್‌ಆರ್ ಕ್ಯಾಮರಾದಲ್ಲಿ ಲೆನ್ಸಿನ ಬೆನ್ನಿಗೆ ಓರೆಯಾಗಿ ಒಂದು ಕನ್ನಡಿ ಇರುತ್ತಿತ್ತು. ಅದು ಬೆಳಕನ್ನು ಮೇಲಕ್ಕೆ ಕಳುಹಿಸಿ ನಮ್ಮ ಕಣ್ಣಿಗೆ ಮುಟ್ಟಿಸುತ್ತಿತ್ತು. ಗುಂಡಿ ಒತ್ತಿದೊಡನೆ ಟಪ್ಪೆಂದು ಮಡಿಸಿಕೊಂಡು ಚಿತ್ರಕ್ಕೆ ದಾರಿ ಬಿಡುತ್ತಿತ್ತು. 2008ರಲ್ಲಿ ಪ್ಯಾನಸೋನಿಕ್ ಸಂಸ್ಥೆಯು ಆ ಕನ್ನಡಿಯನ್ನೇ ತೆಗೆದುಹಾಕಿ ಜಿ1 ಎಂಬ ಕ್ಯಾಮರಾವನ್ನು ಹೊರತಂದಿತು. 2018ರಲ್ಲಿ ಕ್ಯಾನನ್ ಮತ್ತು ನಿಕಾನ್ ಸಂಸ್ಥೆಗಳು, ಹಳೆಯ 35 ಮಿಲಿಮೀಟರ್ ಫಿಲ್ಮಿನ ಅಳತೆಯ ಸಂವೇದಕವುಳ್ಳ ಕ್ಯಾಮರಾಗಳೊಡನೆ ಅದೇ ದಾರಿ ಹಿಡಿದ ಮೇಲೆ ಕನ್ನಡಿಯ ಕಾಲ ಮುಗಿಯಿತೆಂದೇ ಹೇಳಬೇಕು.

ಕನ್ನಡಿ ಹೋದುದರಿಂದ ನಮಗಾದ ಲಾಭವೇನು? ಕಿಂಡಿಯಲ್ಲಿ ಕಣ್ಣಿಟ್ಟಾಗ ಕಾಣುವುದು ಹಕ್ಕಿಯಲ್ಲ, ಪುಟ್ಟ ಪರದೆಯ ಮೇಲೆ ಮೂಡಿದ ಹಕ್ಕಿಯ ಚಿತ್ರ. ಬೆಳಕು ಹೆಚ್ಚೋ ಕಡಮೆಯೋ ಎಂಬುದು ಗುಂಡಿ ಒತ್ತುವ ಮೊದಲೇ ತಿಳಿದುಬಿಡುತ್ತದೆ. ಇದರ ಉಪಯೋಗ ರಂಗನತಿಟ್ಟಿನಲ್ಲಿ ಅರಿವಾಗುವಷ್ಟು ಬೇರೆ ಕಡೆ ಆಗಲಾರದು. ಕಡುಹಸಿರು ಎಲೆಗಳ ನಡುವೆ ಕುಳಿತ ಬೆಳ್ಳಕ್ಕಿಯನ್ನು ಕ್ಯಾಮರಾಕ್ಕೆ ಒಪ್ಪಿಸಿ ನೋಡಿ: ಅದು ಎಲೆಗಳ ಕತ್ತಲೆಗೆ ಮರುಗಿ ಬೆಳಕನ್ನು ಏರಿಸುತ್ತದೆ, ಹಕ್ಕಿ ಸುಣ್ಣ ಬಳಿದಂತಾಗಿ ಗರಿಯ ಒಂದು ಗೆರೆಯೂ ಉಳಿಯುವುದಿಲ್ಲ. ಬೆಳಕಿನ ತಿದ್ದುಪಡಿಯನ್ನು ಮುಕ್ಕಾಲು ಅಥವಾ ಒಂದು ಹೆಜ್ಜೆ ಇಳಿಸಿದರೆ ಗರಿಗಳು ಮರಳಿ ಬರುತ್ತವೆ. ಹೊಳೆಯುವ ನೀರಿನ ಎದುರು ರೆಕ್ಕೆ ಹರಡಿ ಒಣಗಿಸಿಕೊಳ್ಳುವ ನೀರುಕಾಗೆಗೆ ಇದರ ತದ್ವಿರುದ್ಧ, ಅಲ್ಲಿ ಏರಿಸಬೇಕು.

ಬೆಳಕಿನ ಮಾತು ಇಷ್ಟಕ್ಕೆ ಸಾಕು. ನಿಜವಾದ ತೊಡಕು ಫೋಕಸ್ಸಿನದು.

ಹೋದ ಮಾರ್ಚಿಯಲ್ಲಿ ನಮ್ಮ ದೋಣಿಯಲ್ಲಿ ಬೆಂಗಳೂರಿನ ಒಂದು ಕುಟುಂಬವಿತ್ತು. ಯಜಮಾನರ ಕೊರಳಿನಲ್ಲಿ ಹೊಸ ಕ್ಯಾಮರಾ, ಅದಕ್ಕೆ 100ರಿಂದ 400 ಮಿಲಿಮೀಟರಿನ ಲೆನ್ಸು. ಬಂಡೆಯೊಂದರ ಮೇಲೆ ನದಿ ರೀವ, ಎಂದರೆ ಇಂಗ್ಲಿಷಿನವರ ರಿವರ್ ಟರ್ನ್, ಕುಳಿತಿತ್ತು. ಹಳದಿ ಕೊಕ್ಕು, ಕರಿಯ ಟೋಪಿ, ಬೂದು ಮೈ. ಯಜಮಾನರು ಹತ್ತಾರು ಚಿತ್ರ ತೆಗೆದರು. ಎಲ್ಲದರಲ್ಲಿಯೂ ಹಿಂದಿನ ಬಿದಿರು ಎಲೆಯೆಲೆಯಾಗಿ ಸ್ಪಷ್ಟ. ಹಕ್ಕಿ ಮಾತ್ರ ಮಂಜಿನ ಮುದ್ದೆ.

"ಈ ಲೆನ್ಸೇ ಸರಿಯಿಲ್ಲ," ಎಂದು ಹಿಂದಕ್ಕೆ ತಿರುಗಿ, "ಇನ್ನೊಂದು ಸ್ವಲ್ಪ ಹತ್ತಿರ ಬಿಡಪ್ಪಾ" ಎಂದರು.

ಅಂಬಿಗ ಹುಟ್ಟನ್ನು ನೀರಿನಿಂದ ಎತ್ತಿಬಿಟ್ಟ. "ಬೇಡಿ ಸ್ವಾಮಿ, ಅದು ಮೊಟ್ಟೆ ಮ್ಯಾಲೆ ಕುಂತದೆ. ಎದ್ದೋಯ್ತು ಅಂದ್ರೆ ಬಿಸ್ಲು ಮೊಟ್ಟೇನ ಸುಟ್ಬುಡ್ತದೆ."

ಅವನ ಮಾತು ಅಕ್ಷರಶಃ ನಿಜ. ರೀವ ಗೂಡು ಕಟ್ಟುವ ಹಕ್ಕಿಯಲ್ಲ. ಬೇಸಗೆಯಲ್ಲಿ ಬರಿಯ ಬಂಡೆಯ ತಗ್ಗಿನಲ್ಲಿಯೋ ಮರಳಿನ ಮೇಲೆಯೋ ಮೊಟ್ಟೆಯಿಡುತ್ತದೆ. ತಾಯಿಯ ಮೈಯೇ ಅದಕ್ಕೆ ಚಪ್ಪರ. ಆ ಚಪ್ಪರ ಎದ್ದುಹೋದರೆ ಕಾದ ಕಲ್ಲಿನ ಮೇಲೆ ಮೊಟ್ಟೆಯ ಗತಿಯೇನು? ನಮ್ಮ ನದಿಗಳಲ್ಲಿ ರೀವಗಳ ಸಂಖ್ಯೆ ಇಳಿಮುಖವಾಗಿ, ಅಪಾಯದ ಅಂಚಿನ ಪಕ್ಷಿಗಳ ಪಟ್ಟಿಯಲ್ಲಿ ಅದರ ಹೆಸರು ಸೇರಿದೆ. ನಾಲ್ಕು ಮಾರು ಹತ್ತಿರ ಹೋಗುವ ಚಪಲಕ್ಕೆ ತೆರುವ ಬೆಲೆ ಇದು.

ಯಜಮಾನರ ಮಗಳು, ಕಾಲೇಜಿನಲ್ಲಿ ಓದುವ ಹುಡುಗಿ, "ಅಪ್ಪಾ, ಇಲ್ಲಿ ಕೊಡಿ" ಎಂದು ಕ್ಯಾಮರಾ ತೆಗೆದುಕೊಂಡಳು. ಇಡೀ ಪರದೆಯನ್ನು ಹುಡುಕುವಂತೆ ಇಟ್ಟಿದ್ದ ಫೋಕಸ್ ಕ್ಷೇತ್ರವನ್ನು ಒಂದು ಸಣ್ಣ ಚೌಕಕ್ಕೆ ಇಳಿಸಿದಳು. ಮೊದಲು ಹಕ್ಕಿಯ ಕಾಲ ಬಳಿಯ ಬಂಡೆಯ ಅಂಚಿಗೆ ಚೌಕವನ್ನು ಹಿಡಿದು ಫೋಕಸ್ ಮಾಡಿ, ಆಮೇಲೆ ಕಣ್ಣಿಗೆ ಸರಿಸಿದಳು. ಎರಡನೆಯ ಚಿತ್ರದಲ್ಲಿ ಕೊಕ್ಕಿನ ಮೇಲಿನ ನೀರಹನಿಯೂ ಇತ್ತು. ದೋಣಿ ಒಂದು ಅಡಿಯೂ ಮುಂದೆ ಹೋಗಿರಲಿಲ್ಲ. ತಾಯಿ ಗಂಡನ ಮುಖ ನೋಡಿದರು. ಯಜಮಾನರು ಮೊಸಳೆಯನ್ನು ಹುಡುಕತೊಡಗಿದರು.

ಹುಡುಗಿ ಮಾಡಿದುದರಲ್ಲಿ ಮಾಯವೇನೂ ಇಲ್ಲ. ಕ್ಯಾಮರಾದ ಯಂತ್ರಕ್ಕೆ ಹಕ್ಕಿಯ ಮೇಲೆ ಪ್ರೀತಿಯಿಲ್ಲ. ಎಲ್ಲಿ ಗೆರೆಗಳು ಎದ್ದು ಕಾಣುತ್ತವೆಯೋ ಅಲ್ಲಿಗೆ ಅದು ಓಡುತ್ತದೆ. ಬಿದಿರಿನ ಎಲೆಗಳಲ್ಲಿ ಇರುವಷ್ಟು ಗೆರೆ ಬೂದುಬಣ್ಣದ ಹಕ್ಕಿಯಲ್ಲಿ ಎಲ್ಲಿಂದ ಬರಬೇಕು? ಒಮ್ಮೆ ಹಿನ್ನೆಲೆಗೆ ಅಂಟಿಕೊಂಡಿತೆಂದರೆ ಮುಂದಿನ ಹಕ್ಕಿ ಪರದೆಯಲ್ಲಿ ಕರಗಿಹೋಗುತ್ತದೆ, ಯಂತ್ರವೂ ಅದನ್ನು ಮರೆತುಬಿಡುತ್ತದೆ. ಆಗ ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದು ವ್ಯರ್ಥ. ಲೆನ್ಸಿನ ಬಳೆಯನ್ನು ಕೈಯಿಂದ ತಿರುಗಿಸಿ ಫೋಕಸ್ಸನ್ನು ಹತ್ತಿರಕ್ಕೆ ಎಳೆಯಬೇಕು, ಇಲ್ಲವೇ ಹಕ್ಕಿಯಷ್ಟೇ ದೂರದಲ್ಲಿರುವ ಕಲ್ಲನ್ನೋ ಕೊಂಬೆಯನ್ನೋ ತೋರಿಸಬೇಕು. ಉಳಿದುದನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಟಿ.ಎನ್.ಎ. ಪೆರುಮಾಳ್, ಪೂರ್ಣಚಂದ್ರ ತೇಜಸ್ವಿ ಮೊದಲಾದವರು ಫಿಲ್ಮಿನ ಕಾಲದಲ್ಲಿ ಹಕ್ಕಿಗಳ ಬೆನ್ನುಹತ್ತಿದಾಗ ಫೋಕಸ್ ಎಂಬುದು ಬೆರಳಿನ ವಿದ್ಯೆಯಾಗಿತ್ತು. ಆ ವಿದ್ಯೆಯನ್ನು ಪೂರ್ತಿ ಮರೆಯುವ ಕಾಲ ಇನ್ನೂ ಬಂದಿಲ್ಲ.

ಹಕ್ಕಿಯ ಕಣ್ಣನ್ನು ತಾನೇ ಗುರುತಿಸಿ ಹಿಡಿಯುವ ಸೌಲಭ್ಯ 2020ರಿಂದೀಚೆಗೆ ಹಲವು ಕ್ಯಾಮರಾಗಳಲ್ಲಿ ಬಂದಿದೆ. ತೆರೆದ ಬಂಡೆಯ ಮೇಲಿನ ಹಕ್ಕಿಗೆ, ಆಕಾಶದಲ್ಲಿ ತೇಲುವ ಹೆಜ್ಜಾರ್ಲೆಗೆ ಅದು ನಿಜಕ್ಕೂ ವರ. ಆದರೆ ಬಣ್ಣದ ಕೊಕ್ಕರೆಗಳ ವಸತಿಯಲ್ಲಿ ಒಂದೇ ಮರದ ಮೇಲೆ ಇಪ್ಪತ್ತು ಕಣ್ಣುಗಳಿರುವಾಗ ಅದಕ್ಕೆ ದಿಕ್ಕು ತೋರದು. ಆಗಲೂ ಸಣ್ಣ ಚೌಕವೇ ಗತಿ.

ಇನ್ನು ಆಳದ ಲೆಕ್ಕ. 400 ಮಿಲಿಮೀಟರ್ ಲೆನ್ಸು, ಎಫ್ 5.6ರ ಕಿಂಡಿ, ಹಕ್ಕಿ 8 ಮೀಟರ್ ದೂರದಲ್ಲಿ ಎಂದುಕೊಳ್ಳಿ. 35 ಮಿಲಿಮೀಟರ್ ಅಳತೆಯ ಸಂವೇದಕದಲ್ಲಿ ಸ್ಪಷ್ಟವಾಗಿ ಬರುವ ಆಳ ಸುಮಾರು 13 ಸೆಂಟಿಮೀಟರ್ ಮಾತ್ರ, ಗೇಣಿಗೂ ಕಡಮೆ! ನಮ್ಮತ್ತ ಮುಖ ಮಾಡಿದ ಬಣ್ಣದ ಕೊಕ್ಕರೆಯ ಕಣ್ಣು ಸ್ಪಷ್ಟವಾದರೆ ಕೊಕ್ಕಿನ ತುದಿ ಮಸುಕು. 15 ಮೀಟರಿಗೆ ಹಿಂದೆ ಸರಿದರೆ ಅದೇ ಆಳ ಸುಮಾರು 47 ಸೆಂಟಿಮೀಟರ್ ಆಗುತ್ತದೆ. ಇಡೀ ತಲೆ, ಕೊರಳು, ಕೊಕ್ಕು ಎಲ್ಲವೂ ಬಂದುಬಿಡುತ್ತವೆ. ಹತ್ತಿರ ಹೋದಷ್ಟೂ ಚಿತ್ರ ಚೆಂದವೆಂಬುದು ಎಲ್ಲ ಸಲವೂ ನಿಜವಲ್ಲವೆಂದು ಗಣಿತವೇ ಹೇಳುತ್ತಿದೆ. ಚಮಚದಂಥ ಕೊಕ್ಕಿನ ಹಕ್ಕಿ ಪಕ್ಕಕ್ಕೆ ತಿರುಗುವವರೆಗೆ ಕಾಯಿರಿ. ಆಗ ಕಣ್ಣೂ ಕೊಕ್ಕೂ ಒಂದೇ ದೂರದಲ್ಲಿರುತ್ತವೆ.

ದೋಣಿ ಓಲಾಡುತ್ತದೆ, ಹಕ್ಕಿ ಹಾರುತ್ತದೆ. ಆದ್ದರಿಂದ ಒಮ್ಮೆ ಫೋಕಸ್ ಮಾಡಿ ನಿಂತುಬಿಡುವ ಕ್ರಮ ಇಲ್ಲಿ ಸಲ್ಲದು. ಬಿಡದೆ ಹಿಂಬಾಲಿಸುವ ಕ್ರಮವನ್ನೇ ಇಟ್ಟುಕೊಳ್ಳಬೇಕು. ಕೆಲವು ಕ್ಯಾಮರಾಗಳಲ್ಲಿ ಅದಕ್ಕೆ ಎಎಫ್-ಸಿ ಎಂದೂ ಕ್ಯಾನನ್‌ನಲ್ಲಿ ಸರ್ವೋ ಎಂದೂ ಹೆಸರು. ಷಟರಿನ ವೇಗ ಕುಳಿತ ಹಕ್ಕಿಗೆ ಸೆಕೆಂಡಿನ 500ನೆಯ ಒಂದು ಭಾಗಕ್ಕೆ ಕಡಮೆಯಾಗದಿರಲಿ, ಹಾರುವ ಹಕ್ಕಿಗೆ 2000ನೆಯ ಒಂದು ಭಾಗ. ಐಎಸ್‌ಒವನ್ನು ಕ್ಯಾಮರಾಕ್ಕೇ ಬಿಟ್ಟು 6400ರ ಮಿತಿ ಹಾಕಿ. ಚಿತ್ರದಲ್ಲಿ ಸ್ವಲ್ಪ ರವೆ ಉದುರಿಸಿದಂತೆ ಕಂಡರೆ ಕಾಣಲಿ. ಅಲುಗಿದ ಚಿತ್ರಕ್ಕಿಂತ ಅದು ಎಷ್ಟೋ ಮೇಲು. ನಡುಕ ತಡೆಯುವ ಸಾಧನವನ್ನು ನಂಬಿ ವೇಗ ಇಳಿಸುವವರೂ ಉಂಟು. ಆ ಸಾಧನ ನಮ್ಮ ಕೈಯ ನಡುಕವನ್ನು ತಡೆದೀತು, ಹಕ್ಕಿಯ ರೆಕ್ಕೆಯನ್ನು ತಡೆಯಲಾರದು.

ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಗೂಡಿನ ಬಳಿ ಬಹಳ ಒಳ್ಳೆಯದು. ಹಾರುವ ಹಕ್ಕಿಗೆ ಮಾತ್ರ ಅದನ್ನು ಬಳಸುವ ಮುನ್ನ ಯೋಚಿಸಿ: ಬಹುತೇಕ ಕ್ಯಾಮರಾಗಳಲ್ಲಿ ಅದು ಚಿತ್ರವನ್ನು ಮೇಲಿಂದ ಕೆಳಕ್ಕೆ ಸಾಲುಸಾಲಾಗಿ ಓದುವುದರಿಂದ, ಓದಿ ಮುಗಿಯುವುದರೊಳಗೆ ರೆಕ್ಕೆ ಸರಿದು ಬಾಗಿದಂತೆ ಮೂಡುತ್ತದೆ.

ಲೆನ್ಸಿನ ಆಯ್ಕೆಯಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ದೋಣಿಯಲ್ಲಿ 100ರಿಂದ 400ರವರೆಗಿನದು ಸಾಕಾಗುತ್ತದೆ. 600ರ ಭಾರಿ ಲೆನ್ಸನ್ನು ತಂದು ಕೊರಳು ನೋಯಿಸಿಕೊಂಡು, ರೆಕ್ಕೆ ಕತ್ತರಿಸಿಹೋದ ಚಿತ್ರಗಳೊಡನೆ ಮರಳಿದವರನ್ನು ಕಂಡಿದ್ದೇನೆ. ಯಾವುದನ್ನು ತಂದರೂ ದಡದಲ್ಲಿಯೇ ಜೋಡಿಸಿಕೊಳ್ಳಿ. ಲೆನ್ಸು ತೆಗೆದರೆ ಸಂವೇದಕಕ್ಕೆ ಕನ್ನಡಿಯ ಮರೆಯೂ ಇಲ್ಲವಾದ್ದರಿಂದ ಧೂಳೂ ಹನಿಯೂ ನೇರವಾಗಿ ಅದರ ಮೇಲೆ ಬಂದು ಕೂರುತ್ತವೆ. ಪರದೆ ಸದಾ ಬೆಳಗುತ್ತಿರುವುದರಿಂದ ಬ್ಯಾಟರಿ ಬೇಗ ಮುಗಿಯುತ್ತದೆ, ಎರಡನೆಯದು ಜೇಬಿನಲ್ಲಿರಲಿ. ಫ್ಲ್ಯಾಷ್ ಮನೆಯಲ್ಲಿರಲಿ.

ಬೆಳಿಗ್ಗೆ ಮೊದಲ ದೋಣಿಗೇ ಬರುವಂತೆ ಹೊರಡಿ. ಹನ್ನೊಂದು ಗಂಟೆ ದಾಟಿತೆಂದರೆ ಬಂಡೆಗಳಿಂದ ಏಳುವ ಬಿಸಿಗಾಳಿ ಕಣ್ಣೆದುರೇ ನಡುಗುತ್ತದೆ, ಅದರ ಆಚೆ ಕುಳಿತ ಹಕ್ಕಿಯನ್ನು ಯಾವ ಲೆನ್ಸೂ ಸ್ಪಷ್ಟವಾಗಿ ಹಿಡಿಯಲಾರದು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಮರಗಳು ತುಂಬಿರುತ್ತವೆ. ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಯಿಂದ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ದೋಣಿ ನಡೆಸುವುದಿಲ್ಲ. ಹೊರಡುವ ಮುನ್ನ ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು.